ಹಸಿರು ಸೀರೆ ವಾಪಸ್ ಹೋದ ಬೇಸಿಗೆ

ಸುದ್ದಿ ಬಂದಾಗ ನಾನು ಉದ್ದು ಕೇರುತ್ತಾ ಕೂತಿದ್ದೆ. ನನ್ನ ತವರು ಭಾಲ್ಕಿ ಕಡೆಯ ಸಾಯಗಾಂವ. ಅಣ್ಣ ಪ್ರತಿ ದೀಪಾವಳಿಗೆ ಒಂದು ಚೀಲ ಉದ್ದು ಕಳಿಸುತ್ತಾನೆ. ಆ ವರ್ಷ ಚೀಲ ಬರಲಿಲ್ಲ, ಕೈಚೀಲ ಬಂತು. ಅದರಲ್ಲೂ ಕಾಳು ಸಣ್ಣವು, ಹೊಟ್ಟೇ ಜಾಸ್ತಿ. ಮೊರ ಎತ್ತಿದಾಗಲೆಲ್ಲ ಅರ್ಧ ಗಾಳಿಗೆ ಹಾರಿ ಹೋಗುತ್ತಿತ್ತು. ಇಷ್ಟಾದರೂ ಬಂತಲ್ಲ, ದೇವರು ದೊಡ್ಡವನು ಅಂದುಕೊಂಡು ಕೇರುತ್ತಿದ್ದೆ. ಅಷ್ಟರಲ್ಲಿ ಮಗಳು ಅಶ್ವಿನಿಯ ಫೋನ್ ಬಂತು.

"ಅವ್ವ, ಎರಡು ಸುದ್ದಿ ಅದಾವ. ಯಾವುದು ಮೊದಲ ಹೇಳಲಿ?"

"ಛಲೋದು ಹೇಳು."

"ನೀ ಅಜ್ಜಿ ಆಗ್ತಿ."

ಮೊರ ಕೆಳಗಿಟ್ಟು ದೇವರ ಗೂಡಿನ ಕಡೆ ನೋಡಿದೆ. ಕಣ್ಣು ತುಂಬಿ ದೇವರೇ ಕಾಣಲಿಲ್ಲ.

"ಇನ್ನೊಂದು ಏನು?"

"ನಾವು ಡಾಬಕಾ ಬಿಟ್ಟು ಪುಣೆ ಕಡೆ ಹೊಂಟೇವಿ. ಬಾವಿ ಬತ್ತಿ ಹೋಗ್ಯಾದ. ಇವರಿಗೆ ಒಂದು ಕಾರಖಾನಿಯಾಗ ಕೆಲಸ ಸಿಕ್ಕದ. ಅತ್ತಿನೂ ಬರ್ತಾರ."

ಡಾಬಕಾ ನಾನು ಮಗಳನ್ನು ಕೊಟ್ಟ ಊರು, ಔರಾದ ತಾಲೂಕಿನ ಗಡಿಗೆ ಇದೆ. ಅಲ್ಲಿಂದ ಆ ಚಳಿಗಾಲ ಮನೆಗೆ ಮನೆಯೇ ಹೊರಟಿತ್ತು. ಮಗಳು ಹೊರಟದ್ದೇನೂ ಹೊಸದಲ್ಲ. ಆದರೆ ಅವಳ ಹೊಟ್ಟೆಯಲ್ಲಿ ಮೊದಲ ಕೂಸು. ಮೊದಲ ಹೆರಿಗೆ ತವರಲ್ಲೇ ಆಗಬೇಕು, ಬಾಣಂತನ ತಾಯಿಯೇ ಮಾಡಬೇಕು, ಇದು ನಮ್ಮಲ್ಲಿ ಹೇಳಿಕೊಡಬೇಕಾದ ಮಾತಲ್ಲ. ಅಶ್ವಿನಿ ಬೇಸಿಗೆಗೆ ನನ್ನ ಮನೆಗೆ ಬರುತ್ತಾಳೋ ಇಲ್ಲವೋ, ಆ ವರ್ಷವೆಲ್ಲ ನನಗೆ ಇದೊಂದೇ ಚಿಂತೆ.

ಮೊನ್ನೆ ಬಟ್ಟೆ ಒಗೆಯುವಾಗ ಸಾಬೂನಿನ ಗುಳ್ಳೆಯೊಂದು ಬಚ್ಚಲಿನಿಂದ ಎದ್ದು ನನ್ನ ಮುಖದ ಮುಂದೆಯೇ ತೇಲಿತು. ಅದನ್ನು ನೋಡಿದ್ದೇ ಆ ಬೇಸಿಗೆ ಪೂರ್ತಿ ನೆನಪಾಯಿತು.

ನಮ್ಮ ಮನೆ ಹಳೇ ಬೀದರಿನಲ್ಲಿ, ಸಣ್ಣ ಓಣಿ. ಮನೆಯವರು ಊರ ಹೊರಗಿನ ಕೊಳಾರದ ಒಂದು ಗೋದಾಮಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಗೋಡೆಯಾಚೆ ಶಮೀಮ್ ಖಾಲಾ, ಓಣಿಗೆಲ್ಲ ಚಿಕ್ಕಮ್ಮ. ನಾನು ಮದುವೆಯಾಗಿ ಬಂದಾಗಿನಿಂದ ಗೋಡೆಯ ಮೇಲಿಂದಲೇ ನಮ್ಮ ಸಂಸಾರಗಳು ಮಾತಾಡಿಕೊಂಡಿವೆ. ಸಂಕ್ರಾಂತಿ ಕಳೆಯುವಷ್ಟರಲ್ಲಿ ನಳ ಸುಮ್ಮನಾಯಿತು. ಟ್ಯಾಂಕರ್ ಯಾವಾಗ ಬರುತ್ತದೆ ಅಂತ ಯಾರಿಗೂ ಗೊತ್ತಿರುತ್ತಿರಲಿಲ್ಲ. ಓಣಿಯ ಉದ್ದಕ್ಕೂ ಕೊಡಗಳು ನಮ್ಮ ಬದಲಿಗೆ ಸಾಲಾಗಿ ನಿಂತಿರುತ್ತಿದ್ದವು. ಖಾಲಾನ ಹಿತ್ತಲಿನ ಹಳೇ ಬಾವಿಯ ತಳದಲ್ಲಿ ಮಾತ್ರ ಬೆಳಗಾಗುವುದರೊಳಗೆ ಅಷ್ಟಿಷ್ಟು ನೀರು ಜಿನುಗುತ್ತಿತ್ತು. ಅದು ಅವರ ಮನೆಗೂ ಮಸೀದಿಯಲ್ಲಿ ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವಜೂಗೂ ಸಾಲುತ್ತಿರಲಿಲ್ಲ.

ಪುಣೆಗೆ ಹೋಗುವಾಗ ಅಶ್ವಿನಿ ರೈಲು ಹಿಡಿಯುವ ಮೊದಲು ಒಂದು ಹೊತ್ತು ನಮ್ಮಲ್ಲಿ ಇಳಿದಿದ್ದಳು. ಆಗ ನನ್ನ ಫೋನಿನಲ್ಲಿ ಏನೋ ಒತ್ತಿ, ಏನೋ ಬರೆದು, "ತಗೋ ಅವ್ವ, ನಿನ್ನ ಒಂದು ಊರಿಗೆ ಸೇರಿಸೇನಿ" ಅಂದಳು.

ಅದೊಂದು ಆಟ. ಆದರೆ ಗೆಲ್ಲುವುದು ಸೋಲುವುದು ಇಲ್ಲ. ಫೋನಿನೊಳಗೆ ಒಂದು ಊರು, ರಸ್ತೆ, ಗಿಡ, ಸಮುದ್ರ. ಅದರಲ್ಲಿ ಎಲ್ಲೆಲ್ಲಿಯದೋ ಜನ ಗೊಂಬೆಗಳಾಗಿ ಓಡಾಡುತ್ತಾರೆ. ಬೆರಳು ಇಟ್ಟರೆ ಗೊಂಬೆ ನಡೆಯುತ್ತದೆ, ಬರೆದರೆ ಅದರ ತಲೆಯ ಮೇಲೆ ಮಾತು ಮೂಡುತ್ತದೆ. ನನಗಂತ ಆರಿಸಿದ ಗೊಂಬೆಗೆ ಮೂಗುಬೊಟ್ಟು ಇರಲಿಲ್ಲ, ಕೂದಲು ಗಿಡ್ಡ, ಮೇಲೆ ಪ್ಯಾಂಟು.

ಮನೆಯವರು ಇಣುಕಿ ನೋಡಿ, "ಇಲ್ಲಿ ಸೆರಗು ಜರಾ ಜಾರಿದ್ರ ಹತ್ತು ಸಲ ಸರಿ ಮಾಡ್ಕೋತಿ. ಅಲ್ಲಿ ಪ್ಯಾಂಟ್ ಹಾಕ್ಕೊಂಡು ತಿರಗಾಕ ಹೊಂಟಿ?" ಅಂದರು.

"ನೀವು ಬರಬ್ಯಾಡ್ರಿ ಆ ಊರಿಗೆ" ಅಂದೆ.

ಮೆಸೇಜ್ ಬರೆದರೆ ಆಗುತ್ತಿರಲಿಲ್ಲವೇ ಅಂತ ನಾನೂ ಕೇಳಿದ್ದೆ. ಪುಣೆಯಲ್ಲಿ ಅವರದು ಒಂದೇ ಕೋಣೆ. ಅಳಿಯ ಸಂತೋಷ ಪಾಳಿ ಮೇಲೆ ಹೋದರೆ ಅತ್ತೆ ಸೊಸೆ ಇಬ್ಬರೇ. ಫೋನಿನಲ್ಲಿ ಮಾತಾಡಿದರೆ ಒಂದೊಂದು ಮಾತೂ ಅತ್ತೆಗೆ ಕೇಳುತ್ತಿತ್ತು. "ಮೆಸೇಜಿನ್ಯಾಗ ಬರೇ ಅಕ್ಷರ ಬರ್ತಾವವ್ವ. ಇಲ್ಲಿ ನೀನ ಬರ್ತಿ" ಅಂದಳು ಅಶ್ವಿನಿ.

ಮಧ್ಯಾಹ್ನ ಊಟದ ಪಾತ್ರೆಗಳನ್ನು ಬೂದಿಯಲ್ಲಿ ಉಜ್ಜಿಟ್ಟು, ಓಣಿಯ ನೆರಳಿನಲ್ಲಿ ಕೊಡದ ಪಕ್ಕ ಕೂತು ಆ ಊರಿಗೆ ಹೋಗುತ್ತಿದ್ದೆ. ಹೊರಗೆ ಬಿಸಿಗಾಳಿ, ಕೆಂಪು ಧೂಳು. ಒಳಗೆ ಎಲ್ಲೆಲ್ಲೂ ನೀರು. ನಮ್ಮ ಲೋಕದ ಕಂಪನಿಗಳೆಲ್ಲ ಅಲ್ಲಿಯೂ ಬಂದು ಬೋರ್ಡು ಹಾಕಿದ್ದವು. ನನಗೆ ಆಶ್ಚರ್ಯ. "ಅಲ್ಲ, ಊರೇ ಸುಳ್ಳು, ಅಲ್ಲಿ ಬೋರ್ಡು ಯಾಕ ಖರೇ ಹಾಕ್ಯಾರ?" ಅಂತ ಕೇಳಿದರೆ ಅಶ್ವಿನಿ, "ಜನ ಎಲ್ಲಿ ಕೂಡ್ತಾರ ಅಲ್ಲಿ ಅಂಗಡಿಯವರು ಬರ್ತಾರವ್ವ. ಜಾತ್ರಿಗೆ ಬಳಿಗಾರ ಬರಂಗಿಲ್ಲೇನು?" ಅಂದಳು. ಮೂಲೆಯಲ್ಲಿ ಒಂದು ತಂಪು ಪಾನೀಯದ ಪೆಟ್ಟಿಗೆ ಇತ್ತು. ಮುಟ್ಟಿದರೆ ಡಬ್ಬಿ ಪುಕ್ಕಟೆ ಕೊಡುತ್ತಿತ್ತು. ಒಮ್ಮೆ ಮುಟ್ಟಿದ್ದಕ್ಕೆ ನನ್ನ ಗೊಂಬೆಯ ಕೈಯಲ್ಲಿ ಆ ಡಬ್ಬಿ ವಾರಗಟ್ಟಲೆ ಉಳಿಯಿತು. ಕೆಳಗಿಡುವುದು ಹೇಗೆ ಅಂತ ನನಗೆ ಬರಲಿಲ್ಲ. ದಾರಿಯಲ್ಲಿ ಸಿಕ್ಕವರಿಗೆಲ್ಲ ನಾನು ಆ ಕಂಪನಿಯ ಡಬ್ಬಿ ತೋರಿಸುತ್ತಾ ತಿರುಗಿದ ಹಾಗಾಯಿತು. ಅವರಿಗೆ ಬೇಕಾಗಿದ್ದೂ ಅದೇ ಅಂತ ಆಮೇಲೆ ತಿಳಿಯಿತು.

ನಮ್ಮಿಬ್ಬರ ಜಾಗ ಒಂದು ಸಾಬೂನಿನ ಕಂಪನಿಯ ಬೋರ್ಡಿನ ಕೆಳಗಿನ ಕಟ್ಟೆ. ಬೋರ್ಡು ಮುಗಿಲಿನಷ್ಟು ದೊಡ್ಡದು. ಅದರಿಂದ ಹಗಲೆಲ್ಲ ಗುಳ್ಳೆಗಳು ಇಳಿಯುತ್ತಿದ್ದವು, ಒಂದೊಂದರಲ್ಲೂ ಕಾಮನಬಿಲ್ಲು. ಬೀದರಿನಲ್ಲಿ ನಾವು ದಿನ ಬಿಟ್ಟು ದಿನ ಮೈ ತೊಳೆಯುತ್ತಿದ್ದೆವು. ಅಲ್ಲಿ ತಾಯಿ ಮಗಳು ನೊರೆಯ ಮಳೆಯಲ್ಲಿ ಕೂತಿರುತ್ತಿದ್ದೆವು. ನಾನು ಒಂದೊಂದೇ ಅಕ್ಷರ ಹುಡುಕಿ ಬರೆಯುತ್ತಿದ್ದೆ. "ಉಂಡ್ಯಾ?" "ಕಾಲು ಬಾತಾವೇನು?" "ಕೂಸು ಒದೀತದೇನು?" ಉತ್ತರ ಬರುವಷ್ಟರಲ್ಲಿ ಒಂದೊಂದು ಗುಳ್ಳೆ ಅವಳ ತಲೆಯ ಮೇಲೆ ಕೂತು ಒಡೆಯುತ್ತಿತ್ತು. ಆ ಕಂಪನಿಯವರು ಬೋರ್ಡು ನಿಲ್ಲಿಸಿದ್ದು ಸಾಬೂನು ಮಾರುವುದಕ್ಕೆ ಇರಬಹುದು. ನಮಗೆ ಅದರ ಕೆಳಗೆ ನೆರಳು ಸಿಕ್ಕಿತು. ರಾತ್ರಿ ದೇವರ ಮುಂದೆ ದಿನದ ಉಪಕಾರಗಳನ್ನು ನೆನೆಯುವಾಗ ಆ ಬೋರ್ಡನ್ನೂ ನೆನೆಯುತ್ತಿದ್ದೆ. ನಗುವವರು ನಗಲಿ.

ಏಳನೇ ತಿಂಗಳು ಬಂತು. ಕುಬಸ ಮಾಡಬೇಕು. ತವರಿನವರು ಹಸಿರು ಸೀರೆ, ಹಸಿರು ಬಳೆ ಒಯ್ದು ಉಡಿ ತುಂಬಬೇಕು. ಅಶ್ವಿನಿಯ ಅತ್ತೆ ಕಮಲಬಾಯಿಗೆ ಫೋನ್ ಮಾಡಿದೆ. ಗಡಿ ಊರಿನವರು, ಮಾತಿನಲ್ಲಿ ಅರ್ಧ ಮರಾಠಿ. ಬೀಗತಿಯಾದ ನನ್ನನ್ನು ವಿಹಿಣಬಾಯಿ ಅಂತಲೇ ಕರೆಯುತ್ತಾರೆ.

"ವಿಹಿಣಬಾಯಿ, ಈ ಒಂದು ಕ್ವಾಣ್ಯಾಗ ಎಲ್ಲಿ ಕುಬಸ ಮಾಡೋದ್ರಿ? ನಾಕು ಮಂದಿ ಕೂಡಾಕ ಜಾಗ ಇಲ್ಲ. ಹುಡುಗಿನ ಅಷ್ಟು ದೂರ ಕಳಸೋದೂ ಬ್ಯಾಡ."

"ಹೆರಿಗಿಗೆ ಮಾತ್ರ ಕಳಸ್ರಿ."

"ಕಳಸ್ತೇನಿ ಅಂತ ಇಟ್ಕೋರಿ. ನಿಮ್ಮಲ್ಲಿ ಕುಡ್ಯಾಕ ನೀರಿಲ್ಲ ಅಂತ ಕೇಳೇನಿ. ಬಾಣಂತಿಗೆ ದಿನಾ ಹಂಡೆ ನೀರು ಎಲ್ಲಿಂದ ತರ್ತೀರಿ? ಇಲ್ಲಿ ನಳ ಆದ್ರೂ ಅದ."

ಅವರು ಅಂದದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆ ಹೊತ್ತಿಗೇ ಯುಗಾದಿ ಹತ್ತಿರ ಬಂತು. ಫೋನಿನ ಊರಿನಲ್ಲಿ ಒಂದು ಸೀರೆ ಕಂಪನಿ ಅಂಗಡಿ ತೆರೆಯಿತು. ಹಬ್ಬದ ಜಾಹೀರಾತು. ಒಳಗೆ ಬಂದವರಿಗೆಲ್ಲ ಒಂದು ಸೀರೆ ಪುಕ್ಕಟೆ, ಬೇಕಾದರೆ ಗೆಳತಿಗೂ ಕೊಡಬಹುದು. ಅಶ್ವಿನಿ ಬರೆದಳು: "ಅವ್ವ, ಹಸರ ಬಣ್ಣದ್ದೂ ಅದ."

ಮರುದಿನ ಬೆಳಗ್ಗೆ ತಲೆಯ ಮೇಲೆ ಒಂದು ತಂಬಿಗೆ ನೀರು ಹಾಕಿಕೊಂಡು ಮಡಿಯಾದೆ. ದೇವರ ಮುಂದೆ ಮಣೆ ಇಟ್ಟು, ಮಣೆಯ ಮೇಲೆ ಫೋನ್ ಇಟ್ಟೆ. ಖಾಲಾನನ್ನೂ ಕರೆದೆ, ಕುಬಸಕ್ಕೆ ಮುತ್ತೈದೆ ಒಬ್ಬಳಾದರೂ ಬೇಡವೇ. ಅಂಗಡಿಯ ಬಾಗಿಲಲ್ಲಿ ಗೊಂಬೆಯ ಚಪ್ಪಲಿ ಬಿಡಿಸಬೇಕೆಂದು ಬಹಳ ಒದ್ದಾಡಿದೆ, ಆಗಲಿಲ್ಲ. ದೇವರಿಗೆ ಕ್ಷಮೆ ಕೇಳಿ ಹಾಗೇ ಒಳಗೆ ಹೋದೆ. ನನ್ನ ಪಾಲಿಗೆ ಬಂದ ಹಸಿರು ಸೀರೆಯನ್ನು ಅಶ್ವಿನಿಗೆ ಕೊಡು ಅಂತ ಒತ್ತಿದೆ. ಒಂದು ಕ್ಷಣ ಅವಳ ಗೊಂಬೆ ಮಂಜಾಗಿ, ಮತ್ತೆ ಮೂಡಿತು. ಮೈ ತುಂಬ ಹಸಿರು. ಎಳೇ ಜೋಳದ ಹೊಲದ ಹಸಿರು. ಆ ವರ್ಷ ನಾನು ಎಲ್ಲೂ ನೋಡಿರದ ಹಸಿರು.

ಕುಂಕುಮ ತೆಗೆದುಕೊಂಡು ಗಾಜಿನ ಮೇಲೆ ಅವಳ ಹಣೆ ಎಲ್ಲಿದೆ ನೋಡಿ ಹಚ್ಚಿದೆ. ಬೆರಳು ತಾಗಿದ್ದೇ ತಡ, ನನ್ನ ಗೊಂಬೆ ಟಣ್ಣನೆ ಜಿಗಿಯಿತು, ಅಂಗಡಿಯೇ ತಿರುಗಿತು. ಅಶ್ವಿನಿ ಎಲ್ಲೋ ಪಕ್ಕಕ್ಕೆ ಹೋದಳು. ಕುಂಕುಮ ಮಾತ್ರ ಕಂಪನಿಯ ಹೆಸರಿನ ಬೋರ್ಡಿನ ಮೇಲೆ ಕೂತಿತು.

ಖಾಲಾ ನಕ್ಕು ನಕ್ಕು ಗೋಡೆಗೆ ಒರಗಿದರು. "ಕ್ಯಾ ಗೇ ಸುಮಿತ್ರಾ, ಮಗಳ ಕುಬಸ ಬಿಟ್ಟು ಅಂಗಡಿ ಕುಬಸ ಮಾಡಿದೆಲ್ಲ!"

ನಾನೂ ನಕ್ಕೆ. ಅಶ್ವಿನಿಯ ಗೊಂಬೆ ಮತ್ತೆ ಎದುರಾಗಿ ಸೆರಗು ತಿರುಗಿದಾಗ ಅದರ ಮೇಲೂ ಆ ಕಂಪನಿಯ ಹೆಸರು ದಪ್ಪಗೆ ಕಂಡಿತು. ಖಾಲಾ ಕಣ್ಣು ಕಿರಿದು ಮಾಡಿ ನೋಡಿ, "ಸೀರಿ ಉಟ್ಟಾಳೋ, ದುಕಾನದ ಬೋರ್ಡ್ ಉಟ್ಟಾಳೋ?" ಅಂದರು. ಇರಲಿ ಬಿಡ್ರಿ, ಉಟ್ಟಳಲ್ಲ ಅಂದೆ. ಬಳಿ ಇದ್ದ ಅಕ್ಕಿಯನ್ನು ಮಣೆಯ ಮುಂದೆ ಸುರಿದು ಉಡಿ ತುಂಬಿದೆ ಅಂದುಕೊಂಡೆ. ಪುಣೆಯ ಕೋಣೆಯ ಮೂಲೆಯಿಂದ ಅಶ್ವಿನಿ ಬರೆದದ್ದು ಒಂದೇ ಸಾಲು: "ಅವ್ವ, ಅತ್ತಿ ನೋಡ್ಲಿಕತ್ತಾರ, ನನಗ ಅಳು ಬರ್ಲಿಕತ್ತದ."

ಆಮೇಲಿನ ದಿನಗಳಲ್ಲಿ ಅವಳು ಆ ಹಸಿರು ಸೀರೆಯಲ್ಲೇ ಕಟ್ಟೆಗೆ ಬರುತ್ತಿದ್ದಳು. ದೂರದಿಂದಲೇ ಗುರುತು ಸಿಗುತ್ತಿತ್ತು.

ಎಂಟನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಬೂದು ಬಣ್ಣದ ಸಾದಾ ಅಂಗಿಯ ಗೊಂಬೆಯೊಂದು ಕೂತಿತ್ತು. ಯಾರೋ ಅಂದುಕೊಂಡೆ. ಹತ್ತಿರ ಹೋದರೆ ತಲೆಯ ಮೇಲೆ ಅಶ್ವಿನಿಯ ಹೆಸರು. ಆ ಊರಿಗೆ ಹೊಸದಾಗಿ ಬಂದವರಿಗೆ ತೊಡಿಸುವ ಅಂಗಿ ಅದು.

"ಸೀರಿ ಎಲ್ಲಿ?"

"ಜಾಹೀರಾತಿನ ಮುದ್ದತ್ತು ಮುಗೀತಂತ. ಎಲ್ಲಾರ ಸೀರಿನೂ ವಾಪಸ್ ತಗೊಂಡ್ರು. ಅಂಗಡಿನೂ ತಗದಾರ. ಅಲ್ಲಿ ಈಗ ಬೂಟಿನ ಅಂಗಡಿ ಅದ ಅವ್ವ!" ಅಂತ ಬರೆದು ಮುಂದೆ ನಗುವ ಮುಖ ಹಾಕಿದ್ದಳು.

ನನಗೆ ನಗು ಬರಲಿಲ್ಲ. ಕುಬಸದಲ್ಲಿ ಉಡಿಸಿದ ಹಸಿರು ಸೀರೆ, ತುಂಬಿದ ಬಸುರಿಯ ಮೈಮೇಲಿಂದ, ಹೆರಿಗೆಗೆ ಮೊದಲೇ ಹೋಗುವುದೆಂದರೇನು? ನಮ್ಮ ಹಿರಿಯರಲ್ಲಿ ಯಾರೂ ಕೇಳಿದ ಸಂಗತಿಯಲ್ಲ. ಮನೆಯವರು, "ಹುಚ್ಚಿ, ಅದು ಚಿತ್ರದ ಸೀರಿ" ಅಂದರು. ಚಿತ್ರದ್ದೇ ಇರಬಹುದು. ಆದರೆ ಸಂಕಲ್ಪ ಮಾಡಿದವಳು ನಾನು ಚಿತ್ರ ಅಲ್ಲವಲ್ಲ. ನರಸಿಂಹ ಝರಣಿಯ ಸ್ವಾಮಿಗೆ ಕೂತಲ್ಲೇ ಕೈ ಮುಗಿದೆ. ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ಅವನನ್ನು ನೋಡುವವರು ನಾವು. ಅವನ ನೀರಿಗೆ ಹೆದರದವಳು ಒಂದು ಫೋನಿಗೆ ಹೆದರಬೇಕೇ ಅನಿಸಿತು. ಎದ್ದು ಕಮಲಬಾಯಿಗೇ ಫೋನ್ ಹಚ್ಚಿದೆ.

"ಅಶ್ವಿನಿ ಕುಬಸದ ಹಸರ ಸೀರಿ ಹೋತ್ರಿ."

"ಯಾವ ಸೀರಿ? ಕುಬಸ ಎಲ್ಲಿ ಆಗ್ಯಾದ?"

ಹೇಳಿದೆ. ಫೋನಿನ ಊರು, ಕಂಪನಿಯ ಅಂಗಡಿ, ಮಣೆ, ಕುಂಕುಮ, ಎಲ್ಲಾ. ಬೈಯುತ್ತಾರೆ, ಇಲ್ಲ ನಗುತ್ತಾರೆ ಅಂದುಕೊಂಡೆ.

"ಕೊಟ್ಟೋರ ವಾಪಸ್ ತಗೊಂಡ್ರಾ?" ಕಮಲಬಾಯಿಯ ದನಿ ಸಣ್ಣಗಾಗಿತ್ತು.

"ಹೌದ್ರಿ."

"ಉಡಿಸಿದ ಸೀರಿ?"

"ಹೌದ್ರಿ."

"ಅರೇ ದೇವಾ! ಅಂಥಾ ದುಕಾನದವರ ಕೈಯಾಗ ನನ್ನ ಸೊಸಿನ ಯಾಕ ಕೊಟ್ರಿ ವಿಹಿಣಬಾಯಿ? ಇನ್ನ ತಡಾ ಮಾಡಬಾರದು. ತಾಯಿ ಕೈಯಿಂದ ಖರೇ ಸೀರಿ ಉಡಬೇಕು. ನಾನ ಕರಕೊಂಡು ಬರ್ತೇನಿ."

ನನಗೆ ನಂಬಿಕೆಯೇ ಬರಲಿಲ್ಲ. ಚಳಿಗಾಲದಿಂದ ನಾನು ಹಂಬಲಿಸಿದ್ದನ್ನು ಒಂದು ಕಂಪನಿಯ ಬುದ್ಧಿ ಒಂದು ಗಳಿಗೆಯಲ್ಲಿ ಮಾಡಿತ್ತು. ಆದರೆ ಕಮಲಬಾಯಿ ಮತ್ತೆ ಅದನ್ನೇ ಕೇಳಿದರು.

"ಅದೆಲ್ಲಾ ಖರೇ. ನೀರಿಂದು ಏನ್ ಮಾಡ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ ಗೋಡೆಯಾಚೆಯಿಂದ ಖಾಲಾ ಕೂಗಿದರು. ಫೋನಿನ ಸ್ಪೀಕರ್ ಹಚ್ಚಿದ್ದೆ, ಎಲ್ಲ ಕೇಳಿಸಿಕೊಂಡಿದ್ದರು ಅಂತ ಕಾಣುತ್ತದೆ. "ಬೋಲ್ ಗೇ ಉನ್ಕು! ಬಾವ್ಯಾಗ ಮುಂಜಾನಿ ಜಿನುಗಿದ್ದು ಮೊದಲ ಬಾಣಂತಿಗೆ, ಆಮ್ಯಾಲ ನಮಗ. ನಾನು ಜಬಾನ್ ಕೊಟ್ಟೇನಿ ಅಂತ ಹೇಳು!"

"ಯಾರ್ರಿ ಅದು?" ಅಂದರು ಕಮಲಬಾಯಿ.

"ನಮ್ಮ ಬಾಜೂ ಮನಿ ಖಾಲಾ ರಿ. ಅವರ ಹಿತ್ತಲದಾಗ ಬಾವಿ ಅದ."

"ಹಂಗಾದ್ರ ಬರ್ತೇನಿ. ಅವರಿಗೆ ನನ್ನ ನಮಸ್ಕಾರ ಹೇಳ್ರಿ."

ಬೆಳಗಿನ ರೈಲಿಗೆ ಬಂದಿಳಿದರು. ಅಶ್ವಿನಿ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ನಡೆಯುತ್ತಿದ್ದಳು. ಫೋನಿನ ಗೊಂಬೆಯಲ್ಲಿ ನಾನು ಆ ಹೊಟ್ಟೆಯನ್ನೇ ನೋಡಿರಲಿಲ್ಲ. ಗೊಂಬೆಗಳು ಬಸಿರಾಗುವುದಿಲ್ಲ. ಅವಳ ಹಿಂದೆ ಕಮಲಬಾಯಿ, ಎರಡೂ ಕೈಯಲ್ಲಿ ನೀರಿನ ಕ್ಯಾನು ಹಿಡಿದುಕೊಂಡು. ಪುಣೆಯಿಂದ ತಂದಿದ್ದರು, ರೈಲಿನುದ್ದಕ್ಕೂ ಕಾಲಿನ ನಡುವೆ ಇಟ್ಟುಕೊಂಡು.

"ಇದೇನ್ರಿ ಇದು!" ಅಂದೆ.

"ಬೀಗರ ಮನಿಗೆ ಬರಿಗೈಲೆ ಬರೋದು ಹ್ಯಾಂಗ? ಮಂದಿ ಪೇಢಾ ಒಯ್ತಾರ. ನಾ ನಿಮಗೇನು ಬೇಕೋ ಅದು ತಂದೇನಿ" ಅಂದರು. ಚುಚ್ಚಿದ್ದೋ ಪ್ರೀತಿಯೋ ತಿಳಿಯಲಿಲ್ಲ. ಎರಡೂ ಇದ್ದಿರಬೇಕು. ಕ್ಯಾನುಗಳನ್ನು ಇಳಿಸಿಕೊಂಡು ದೇವರ ಗೂಡಿನ ಕೆಳಗೆ ಇಟ್ಟೆ.

ನಾನು ಪೇಟೆಯಿಂದ ತಂದಿಟ್ಟಿದ್ದ ಹಸಿರು ಸೀರೆಯನ್ನು ಕಮಲಬಾಯಿ ಬಿಚ್ಚಿ, ಅಂಚಿನಿಂದ ಅಂಚಿಗೆ, ಒಳಗು ಹೊರಗು, ಸೆರಗನ್ನಂತೂ ಬೆಳಕಿಗೆ ಹಿಡಿದು ನೋಡಿದರು.

"ಏನು ಹುಡಕ್ತೀರಿ ಅತ್ತಿ?" ಅಂದಳು ಅಶ್ವಿನಿ.

"ಯಾರದರ ಹೆಸರು ಅದ ಏನಂತ. ಇದನ್ನ ಯಾರೂ ಬಂದು ಕೇಳಂಗಿಲ್ಲಲ್ಲ?"

ಓಣಿಯ ಹೆಂಗಸರೆಲ್ಲ ನಕ್ಕರು. ಈ ಸಲ ಕುಂಕುಮ ಹಣೆಯ ಮೇಲೇ ಕೂತಿತು. ಖಾಲಾ ಹಸಿರು ಬಳೆ ಏರಿಸಿದರು.

ಮಳೆಗೆ ಮೊದಲು, ಕಾವು ಇನ್ನೂ ಇಳಿಯದಿದ್ದಾಗ, ಅಶ್ವಿನಿ ಹೆಣ್ಣು ಹಡೆದಳು. ತಾಯಿ ಕೂಸು ಇಬ್ಬರೂ ಸುಖವಾಗಿದ್ದರು. ಇದಕ್ಕಿಂತ ದೊಡ್ಡ ಉಪಕಾರ ದೇವರ ಹತ್ತಿರ ಇನ್ನೇನು ಕೇಳಲಿ. ಖಾಲಾ ಆಡಿದ ಮಾತು ತಪ್ಪಲಿಲ್ಲ. ಬೆಳಗಿನ ಬಾಂಗ್ ಆಗುವಷ್ಟರಲ್ಲಿ ಬಾವಿಯ ಮೊದಲ ಕೊಡ ಗೋಡೆಯ ಮೇಲೆ ಬಂದು ಕೂತಿರುತ್ತಿತ್ತು. ಒಮ್ಮೊಮ್ಮೆ ಓಣಿಯ ಇನ್ನಾರದೋ ಕೊಡವೂ ಅದರ ಪಕ್ಕದಲ್ಲಿರುತ್ತಿತ್ತು. ಯಾರದು ಅಂತ ಕೇಳಿದರೆ ಯಾರೂ ಹೇಳುತ್ತಿರಲಿಲ್ಲ.

ಕಮಲಬಾಯಿ ಮಗನ ಊಟಕ್ಕೆ ತೊಂದರೆ ಅಂತ ಕೂಸಿಗೆ ಹೆಸರಿಟ್ಟ ಮೇಲೆ ಪುಣೆಗೆ ಹೊರಟು ನಿಂತರು. ಒಳಗೆ ಅಶ್ವಿನಿ ಮಲಗಿದ್ದಳು. ಚಪ್ಪಲಿ ಮೆಟ್ಟಿ ಹೊಸಿಲಲ್ಲಿ ನಿಂತವರು ತಿರುಗಿ ನೋಡಿದರು.

"ವಿಹಿಣಬಾಯಿ, ಒಂದು ಮಾತು. ನೀವು ತಾಯಿ ಮಗಳು ಆ ಫೋನಿನ್ಯಾಗ ಮಾತಾಡೋದು ನನಗ ಗೊತ್ತಿತ್ತು."

ನಾನು ಸೆರಗು ಸರಿ ಮಾಡಿಕೊಂಡೆ.

"ಕ್ವಾಣ್ಯಾಗ ಕೂತು ಬೆರಳು ಆಡಸ್ತಿದ್ಲು, ಮಾರಿ ನಗ್ತಿತ್ತು. ನನ್ನ ಕಡೆ ತಿರಗಿದ್ರ ನಗು ಹೋಗ್ತಿತ್ತು. ನನಗೇನು ಕಣ್ಣಿಲ್ಲೇನು?" ಅಂದರು. ಸಿಟ್ಟು ಇರಲಿಲ್ಲ ದನಿಯಲ್ಲಿ. "ಅವ ಪಾಳಿ ಮ್ಯಾಲ ಹೋದ್ರ ನಾ ಒಬ್ಬಾಕಿನ ಇರ್ತೇನಿ ಅಲ್ಲಿ. ನನ್ನೂ ಆ ಊರಿಗೆ ಸೇರಸ್ರಿ."

ಅಲ್ಲೇ ಹೊಸಿಲ ಮೇಲೆ ಕೂಡಿಸಿ ಅವರ ಫೋನಿನಲ್ಲಿ, ಅಶ್ವಿನಿ ನನಗೆ ಮಾಡಿಕೊಟ್ಟಂತೆಯೇ, ತಡವರಿಸುತ್ತಾ ಮಾಡಿಕೊಟ್ಟೆ. ಗೊಂಬೆಗೆ ಯಾವ ಮುಖ ಬೇಕು ಅಂದರೆ, "ಯಾವುದರ ಇರಲಿ, ನನಗ ವಯಸ್ಸಾದದ್ದು ಕೂಸಿಗೆ ಗೊತ್ತಾಗಲಿ" ಅಂದರು. ರೈಲಿಗೆ ತಡವಾಗುತ್ತಿತ್ತು. ದಾರಿ ತೋರಿಸುವುದಕ್ಕೆ ಆಗಲೇ ಇಲ್ಲ.

ಎರಡು ದಿನ ಬಿಟ್ಟು ಮಧ್ಯಾಹ್ನ ಫೋನ್ ಟಿಣ್ ಅಂದಿತು. ತೆರೆದು ನೋಡಿದೆ. ಆ ಊರಿನ ಅಗಸೆ ಬಾಗಿಲಲ್ಲಿ, ಹೊಸಬರು ಬಂದು ಇಳಿಯುವಲ್ಲಿ, ಒಂದು ಸಿಮೆಂಟ್ ಕಂಪನಿಯ ಬೋರ್ಡಿನ ಕೆಳಗೆ ಬಿಳಿ ತಲೆಯ ಗೊಂಬೆಯೊಂದು ಗೋಡೆಗೆ ಮುಖ ಮಾಡಿ ನಿಂತಿತ್ತು. ತಿರುಗುವುದು ಹೇಗೆಂದು ಗೊತ್ತಾಗಿಲ್ಲ ಪಾಪ. ಅದರ ತಲೆಯ ಮೇಲೆ ಒಂದೇ ಮಾತು: "ಅದೀರೇನ್ರಿ?"

ತೊಟ್ಟಿಲಲ್ಲಿ ಕೂಸು, ಪಕ್ಕದ ಹಾಸಿಗೆಯಲ್ಲಿ ಅದರ ತಾಯಿ, ಇಬ್ಬರಿಗೂ ನಿದ್ದೆ. ನನ್ನ ಗೊಂಬೆಯನ್ನು ನಡೆಸಿಕೊಂಡು ಹೋಗಿ ಕಮಲಬಾಯಿಯ ಪಕ್ಕ ನಿಲ್ಲಿಸಿದೆ. ಒಂದೊಂದೇ ಅಕ್ಷರ ಹುಡುಕಿ ಬರೆದೆ: "ಅದೇವಿ. ಇಬ್ಬರೂ ಮಲಗ್ಯಾರ. ಎದ್ದ ಮ್ಯಾಲ ಬರ್ತಾರ. ನೀವು ಇಲ್ಲೇ ಇರ್ರಿ."

"ಇರ್ತೇನಿ" ಅಂತ ಬಂತು.

ಫೋನನ್ನು ತೊಟ್ಟಿಲ ಕಾಲಿಗೆ ಒರಗಿಸಿ ಇಟ್ಟೆ. ಅಂಗಳದಲ್ಲಿ ಕೂಸಿನ ಬಟ್ಟೆಗಳು ಒಣಗಿ ಹಪ್ಪಳವಾಗಿದ್ದವು. ತೆಗೆದು ತಂದು, ಕಟ್ಟೆಯ ಮೇಲೆ ಕೂತು, ಮೆತ್ತಗಾಗಲಿ ಅಂತ ಒಂದೊಂದನ್ನೇ ಕೈಯಲ್ಲಿ ತಿಕ್ಕಿ ಮಡಚತೊಡಗಿದೆ.